ಒಡೆಯಲಾರದ ಊರಂಕಿ

ನೆಳ್ಳೂರು, ಶೇಷಕಟ್ಟೆ
ನೆರಳಿನ ವರ್ಷ ೨೦೭, ಮೂರನೆಯ ಆಷಾಢ, ಮೂವತ್ತೇಳನೆಯ ದಿನ

ನಮಗಿಂತ ಮೊದಲು ಬಾಳಿದವರಿಗೆ ಶೇಷಗಾರ್ತಿ ನಿಂಬೆವ್ವನ ಶರಣು.

ಮೇಲಿನ ತಾರೀಖು ನೋಡಿ ನೀವು ಹುಬ್ಬು ಏರಿಸಿರಬಹುದು. ಒಂದು ವರ್ಷಕ್ಕೆ ಮೂರು ಆಷಾಢ ಎಲ್ಲಿಂದ ಬಂದವು, ಯಾವ ತಿಂಗಳಿಗೆ ಮೂವತ್ತೇಳು ದಿನ ಎಂದು ಕೇಳುತ್ತೀರಿ. ನಮ್ಮಲ್ಲಿ ಮಳೆ ಬೀಳುವ ತನಕ ಶ್ರಾವಣವನ್ನು ಕರೆಯುವುದಿಲ್ಲ. ಕರೆಯದೆ ಬರುವಷ್ಟು ಮರ್ಯಾದೆಗೆಟ್ಟ ತಿಂಗಳು ಅದಲ್ಲ. ಹೀಗಾಗಿ ಆಷಾಢವನ್ನೇ ಎಳೆದು ಎಳೆದು ಉದ್ದ ಮಾಡಿಕೊಳ್ಳುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು, ಕ್ಷಮಿಸಬೇಕು. ಎಲ್ಲಿ ಬೇಕೋ ಅಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಬರಹ ಓದುವಾಗ ನಾವೂ ತಡವರಿಸುತ್ತೇವೆ. ಟ್ರಾಫಿಕ್ ಎಂಬುದು ಯಾವುದೋ ರೋಗದ ಹೆಸರೆಂದು ನಾನು ಬಹಳ ಕಾಲ ನಂಬಿದ್ದೆ.

ನಿಮ್ಮಲ್ಲಿ ಯಾರೋ ಒಬ್ಬರು, ಇಲ್ಲವೇ ನಿಮ್ಮ ಮಕ್ಕಳ ಮಕ್ಕಳಲ್ಲಿ ಒಬ್ಬರು, ನಮ್ಮ ಊರಿಗೆ ಒಂದು ಸಂಖ್ಯೆಯನ್ನು ಆರಿಸಲಿದ್ದಾರೆ. ಅದು ಐದು ಕೋಟಿ ಅರವತ್ತು ಲಕ್ಷದ ಐವತ್ತೆರಡು ಸಾವಿರದ ಮುನ್ನೂರ ಅರವತ್ತೊಂದು. ಅಂಕಿಯಲ್ಲಿ ಬರೆದರೆ ೫,೬೦,೫೨,೩೬೧. ಆ ಸಂಖ್ಯೆಯಲ್ಲಿ ಒಂದು ಐಬು ಇದೆ. ಅದರ ದೆಸೆಯಿಂದ ಸೋಮಿ ಎಂಬ ಹುಡುಗಿ ನಮ್ಮ ಊರಿನ ಹೊರಗೇ ಉಳಿದುಬಿಡುವುದರಲ್ಲಿದ್ದಳು. ಅವಳು ಹೇಗೆ ಒಳಗೆ ಬಂದಳು ಎಂಬುದನ್ನು ಹೇಳಿ, ಆಮೇಲೆ ನಿಮ್ಮಿಂದ ಒಂದು ಉಪಕಾರ ಕೇಳುವವಳಿದ್ದೇನೆ.

ಮೊದಲು ಊರಿನ ಸಂಗತಿ. ಕೃಷ್ಣೆಯ ದಂಡೆಯ ಎರೆಹೊಲಗಳ ನಡುವೆ, ಇನ್ನೂರಕ್ಕೆ ಎರಡು ಕಡಿಮೆ ಮನೆಗಳ ಊರು ನಮ್ಮದು. ನಮ್ಮ ಆಡುಮಾತಿನಲ್ಲಿ ನೆರಳಿಗೆ ನೆಳ್ಳು ಎನ್ನುತ್ತೇವೆ, ಊರಿಗೂ ಅದೇ ಹೆಸರು. ಇಡೀ ಊರಿನ ಮೇಲೆ ಒಂದು ಬಟ್ಟೆ ಹಾಸಿದೆ. ಅದನ್ನು ಬಿಸಿಲುಣ್ಣಿ ಎಂದು ಕರೆಯುತ್ತೇವೆ. ಮೇಲುಗಡೆ ಬಿಸಿಲನ್ನು ಕುಡಿದು, ಕೆಳಗಡೆ ತಂಪನ್ನೂ ದೀಪಕ್ಕೆ ಬೇಕಾದ ಶಕ್ತಿಯನ್ನೂ ಕೊಡುವ ನೇಯ್ಗೆ ಅದು. ಎಲ್ಲಿಯಾದರೂ ಹರಿದರೆ ಆ ಓಣಿಯವರೇ ಕೂತು ಹೊಲಿಯಬೇಕು. ಹೊಲಿಗೆ ಸೊಟ್ಟಗಾದರೆ ಮಧ್ಯಾಹ್ನ ಒಂದು ಸೊಟ್ಟ ಬಿಸಿಲಿನ ಗೆರೆ ಅವರ ಅಂಗಳದಲ್ಲೇ ಬೀಳುತ್ತದೆ, ಊರೆಲ್ಲ ನೋಡಿ ನಗುತ್ತದೆ. ಮುಂಜಾನೆ ದುಡಿಯುತ್ತೇವೆ, ನಡುಮಧ್ಯಾಹ್ನ ಮಲಗುತ್ತೇವೆ, ಇಳಿಹೊತ್ತಿಗೆ ಮತ್ತೆ ಏಳುತ್ತೇವೆ. ಬಿಸಿಲಿನ ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುತ್ತದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದರೆ ನಮಗೆ ಮತ್ತೇನೂ ಬೇಡ. ನೀವು ತಿನ್ನುತ್ತಿದ್ದುದು ಇದನ್ನೇ ಎಂದು ಕೇಳಿದ್ದೇನೆ. ಅಷ್ಟರ ಮಟ್ಟಿಗೆ ನಾವು ನಿಮ್ಮವರೇ.

ಊರಿಗೆ ಸಂಖ್ಯೆ ಯಾಕೆ ಬೇಕಾಯಿತೆಂದರೆ, ಕಟ್ಟಿದವರು ಜಗಳದಿಂದ ಬೇಸತ್ತಿದ್ದರು. ನೀರಿಗೆ ಜಗಳ, ಜಾತಿಗೆ ಜಗಳ, ದಂಡೆಗೆ ಜಗಳ ಮಾಡಿ ಮಾಡಿ ಸಾಕಾದವರು ಒಂದು ಮರದ ಕೆಳಗೆ ಕೂತು, ಇನ್ನು ನಾವು ಒಡೆಯುವುದಿಲ್ಲ ಎಂದು ಆಣೆ ಮಾಡಿದರಂತೆ. ದೇವರ ಮೇಲೆ ಆಣೆ ಮಾಡೋಣವೆಂದರೆ ಯಾವ ದೇವರು ಎಂದು ಮತ್ತೆ ಜಗಳ ಹತ್ತಿತು. ಕಡೆಗೆ ಒಡೆಯಲಾರದ ಒಂದು ದೊಡ್ಡ ಸಂಖ್ಯೆಯನ್ನು ಆರಿಸಿ ಅದರ ಮೇಲೆ ಆಣೆ ಇಟ್ಟರು. ಒಡೆಯಲಾರದ್ದು ಎಂದರೆ, ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಸರಿಯಾಗಿ ಭಾಗವಾಗದ್ದು. ನೀವು ಅವಿಭಾಜ್ಯ ಎನ್ನುತ್ತೀರಿ. ಅದೇ ನಮ್ಮ ಊರಂಕಿ. ಅದನ್ನು ಒಡೆಯಲು ನೋಡುವುದೇ ಅಪಶಕುನ. ತುಂಬಿದ ಮನೆಯಲ್ಲಿ ಕೂತು ಆಸ್ತಿ ಪಾಲಿನ ಮಾತೆತ್ತಿದ ಹಾಗೆ. ಊರಂಕಿಗೆ ಕತ್ತಿ ಹಚ್ಚಬೇಡ ಎಂದು ಮಕ್ಕಳಿಗೆ ಕೈಬೆರಳು ಎಣಿಸಲು ಕಲಿಸುವ ಮೊದಲೇ ಕಲಿಸುತ್ತೇವೆ.

ಹಾಗಾದರೆ ಅದು ಒಡೆಯದ್ದೆಂದು ಗೊತ್ತಾಗುವುದು ಹೇಗೆ? ನಿಮ್ಮಲ್ಲಿ ಇಂಥದ್ದನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳುವ ಯಂತ್ರಗಳಿವೆಯಂತೆ. ಊರು ಕಟ್ಟುವ ಹೊತ್ತಿಗೆ ಅವೆಲ್ಲ ಸುಮ್ಮನಾಗಿದ್ದವು. ಹಿರಿಯರು ಸಾಕ್ಷಿಯ ದಾರಿ ಹಿಡಿದರು. ಏಳು ಒಡೆಯದ್ದೇ ಎಂದು ಕೇಳಬೇಕೆನ್ನಿ. ಏಳಕ್ಕೆ ಒಂದು ಕಡಿಮೆ ಆರು, ಆದ್ದರಿಂದ ಆರು ಎರಡುಗಳನ್ನು ಗುಣಿಸಿ. ಅರವತ್ನಾಲ್ಕು ಬರುತ್ತದೆ. ಏಳರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಎರಡು ಸಾಕ್ಷಿ ಹೇಳಿತು, ಏಳು ಒಡೆಯದ್ದು. ಒಂಬತ್ತನ್ನು ಕೇಳಿ. ಎಂಟು ಎರಡುಗಳನ್ನು ಗುಣಿಸಿದರೆ ಇನ್ನೂರೈವತ್ತಾರು, ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ನಾಲ್ಕು. ಒಂದು ಬರಲಿಲ್ಲ, ಒಂಬತ್ತು ಸಿಕ್ಕಿಬಿತ್ತು. ಊರಂಕಿಗೂ ಇದೇ ಲೆಕ್ಕ, ಎರಡರ ಬದಲು ಯಾವ ಅಂಕಿಯನ್ನು ಬೇಕಾದರೂ ಸಾಕ್ಷಿಗೆ ನಿಲ್ಲಿಸಬಹುದು. ಅಷ್ಟು ಕೋಟಿ ಸಲ ಗುಣಿಸಲು ಕೂತರೆ ಆಯುಷ್ಯ ಸಾಲದು. ಅದಕ್ಕೇ ಸಾಕ್ಷಿಯ ಅಂಕಿಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿ ದುಪ್ಪಟ್ಟು ಹೆಜ್ಜೆಯಲ್ಲಿ ಏರುತ್ತೇವೆ, ಪ್ರತಿ ಸಲವೂ ಊರಂಕಿಯಷ್ಟನ್ನು ಕಳೆದು ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

ವರ್ಷಕ್ಕೊಮ್ಮೆ ಒಂದರ ಹಬ್ಬ. ಅಂದು ಪ್ರತಿ ಮನೆಯವರೂ ತಮ್ಮ ಮನೆಯ ಅಂಕಿಯನ್ನು ಸಾಕ್ಷಿಗೆ ನಿಲ್ಲಿಸಿ, ಅಂಗಳದ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ ಮಾಡುತ್ತಾರೆ. ಗಂಡಸರು ಗುಣಿಸುತ್ತಾರೆ, ಹೆಂಗಸರು ತಪ್ಪು ಹಿಡಿಯುತ್ತಾರೆ, ಮುದುಕರು ನಡುವೆ ಬಾಯಿ ಹಾಕಿ ಎರಡನ್ನೂ ಕೆಡಿಸುತ್ತಾರೆ. ಕಡೆಗೆ ಒಂದು ಬಂದಾಗ ಕೂಗು ಹಾಕಿ ಹೋಳಿಗೆ ತಿನ್ನುವುದು. ಒಂದನೆಯ ಮನೆಯವರಷ್ಟು ಸೋಮಾರಿಗಳು ಯಾರೂ ಇಲ್ಲ. ಒಂದನ್ನು ಎಷ್ಟು ಸಲ ಗುಣಿಸಿದರೂ ಒಂದೇ, ಹೀಗಾಗಿ ಮುಂಜಾನೆಯಿಂದಲೇ ಅವರ ಮನೆಯಲ್ಲಿ ಹೋಳಿಗೆಯ ವಾಸನೆ. ಎಲ್ಲ ಮನೆಗಳ ಶೇಷವನ್ನೂ ಸರಿನೋಡುವವಳು ಶೇಷಗಾರ್ತಿ. ಆ ಕೆಲಸ ನನ್ನದು. ಮದುವೆಯಾಗಲಿಲ್ಲ, ಬೇಕೆನಿಸಲೂ ಇಲ್ಲ. ಲೆಕ್ಕ, ರೊಟ್ಟಿ, ಮಧ್ಯಾಹ್ನದ ನಿದ್ದೆ ಇಷ್ಟರಲ್ಲಿ ಐವತ್ತು ವರ್ಷ ಸುಖವಾಗಿ ಕಳೆದಿತ್ತು.

ಎರಡು ವರ್ಷದ ಹಿಂದೆ ಕಡಲು ಇನ್ನಷ್ಟು ಒಳಗೆ ಬಂತು. ಕರಾವಳಿಯಿಂದ ಜನ ಗಾಡಿ ಕಟ್ಟಿಕೊಂಡು ಘಟ್ಟ ಹತ್ತಿ ಬಂದರು. ನಾವು ಅವರನ್ನು ಉಪ್ಪಿನವರು ಎನ್ನುತ್ತೇವೆ, ಪ್ರೀತಿಯಿಂದಲೇ. ಅವರ ಜೊತೆ ಅಪ್ಪ ಅಮ್ಮ ಇಲ್ಲದ ಮಕ್ಕಳೂ ಇದ್ದರು. ನೆಳ್ಳೂರಿನ ಮನೆಗಳು ಆ ಮಕ್ಕಳನ್ನು ಹಂಚಿಕೊಂಡವು. ಹೊರಗಿನವರು ಒಳಗೆ ಬರಬೇಕಾದರೆ ತಮ್ಮ ಮನೆತನದ ಅಂಕಿಯನ್ನು ತಂದು ಊರಂಕಿಗೆ ಸಾಕ್ಷಿ ಹೇಳಿಸಬೇಕು, ಒಂದು ಬರಬೇಕು, ಬಂದರೆ ಬಿಸಿಲುಣ್ಣಿಯ ಕೆಳಗೆ ಹಾಸಿಗೆ. ಅದಕ್ಕೆ ಮುಂಚೆ ನಮ್ಮಲ್ಲಿಗೆ ಹೊರಗಿನಿಂದ ಯಾರೂ ಬಂದಿರಲಿಲ್ಲ, ಆದ್ದರಿಂದ ಆ ನಿಯಮವನ್ನು ಯಾರೂ ಉಪಯೋಗಿಸಿಯೇ ಇರಲಿಲ್ಲ. ಉಪ್ಪಿನವರಿಗೆ ಮನೆಗಿಂತ ದೋಣಿ ದೊಡ್ಡದು, ದೋಣಿಯ ಅಂಕಿಯೇ ಮನೆತನದ ಅಂಕಿ. ಒಬ್ಬೊಬ್ಬರದನ್ನೇ ತೆಗೆದುಕೊಂಡು ಲೆಕ್ಕ ಹಾಕಿದೆ. ಎಲ್ಲರಿಗೂ ಒಂದು ಬಂತು. ಕಡೆಯವಳು ಸೋಮಿ, ಹನ್ನೊಂದರ ಹುಡುಗಿ. ಅವಳ ಅಪ್ಪನ ದೋಣಿಯ ಅಂಕಿ ಸಾವಿರದ ನಾನೂರ ಎಪ್ಪತ್ತೇಳು. ಊರ ಯಜಮಾನ ಭೀಮಗೊಂಡರ ಮನೆಯವರು ಅವಳನ್ನು ಮಗಳಾಗಿ ತೆಗೆದುಕೊಳ್ಳಲು ಹೊಸ ಹಾಸಿಗೆ, ಹೊಸ ಕೌದಿ ತಯಾರಿಟ್ಟು ನಿಂತಿದ್ದರು.

ಸೋಮಿಗೆ ಒಂದು ಬರಲಿಲ್ಲ. ಎರಡು ಕೋಟಿ ಎಪ್ಪತ್ತೆಂಟು ಲಕ್ಷದ ತೊಂಬತ್ತಮೂರು ಸಾವಿರದ ಮುನ್ನೂರ ಐವತ್ತಾರು ಬಂತು.

ಇನ್ನೂರು ವರ್ಷದಲ್ಲಿ ಊರಂಕಿಯ ವಿರುದ್ಧ ಯಾರೂ ಸಾಕ್ಷಿ ಹೇಳಿರಲಿಲ್ಲ. ಭೀಮಗೊಂಡರು ಕೆಟ್ಟವರಲ್ಲ, ಬಗ್ಗಿ ಹುಡುಗಿಯ ತಲೆ ಮುಟ್ಟಿದರು. "ತಂಗಿ, ಅಂಕಿಗೇನ ಬರ ಬಂದೈತೇನ? ಬ್ಯಾರೆ ಒಂದು ತಗೋ. ಒಂದು ಬರತೈತಿ. ಸಂಜಿಕ್ಕ ನಮ್ಮ ಮನಿ ಮಗಳು ನೀ" ಎಂದರು. ಅವರು ಹೇಳಿದ್ದು ಸುಳ್ಳಲ್ಲ, ನನ್ನ ಮನೆಯ ಅಂಕಿ ಹಿಡಿದಿದ್ದರೂ ಒಂದು ಬರುತ್ತಿತ್ತು. ಸೋಮಿ ತಲೆ ಅಲ್ಲಾಡಿಸಿದಳು. "ಅದು ಅಪ್ಪನ ದೋಣಿದು. ದೋಣಿ ಮುಳ್ಗೋತು, ಅಪ್ಪನೂ ಹೋದ. ಅಂಕಿ ಒಂದೇ ಉಳ್ದದ್ದು. ಅದ್ನ ಬಿಡ್ತಿಲ್ಲೆ" ಎಂದಳು. ಅಳಲಿಲ್ಲ. ನನಗೇ ಕಣ್ಣಲ್ಲಿ ನೀರು ಬಂತು.

ಒಂದು ಬರದವರು ಬಿಸಿಲುಣ್ಣಿಯ ಕೆಳಗೆ ಇರುವಂತಿಲ್ಲ. ಬಟ್ಟೆ ಮುಗಿಯುವ ಅಂಚಿನಲ್ಲಿ ಒಂದು ತಗಡಿನ ಚಪ್ಪರವಿದೆ, ಅಲ್ಲಿರಬೇಕು. ಗಾಡಿಗಳು ಮುಂದಿನ ಊರಿಗೆ ಹೊರಡುವಾಗ ಅವಳೂ ಹತ್ತಬೇಕು ಎಂದು ಸಭೆ ಹೇಳಿತು. ನಮ್ಮ ಕಟ್ಟಳೆಯಲ್ಲಿ ಇನ್ನೊಂದು ಮಾತೂ ಇದೆ. ತೀರದ ಶೇಷವನ್ನು ಶೇಷಗಾರ್ತಿ ಒಂಟಿ ಬಿಡಬಾರದು. ಅದು ಲೆಕ್ಕಕ್ಕೆ ಹೇಳಿದ್ದೋ ಮನುಷ್ಯರಿಗೆ ಹೇಳಿದ್ದೋ ನನಗೆ ತಿಳಿಯದು. ನಾನು ಚಾಪೆ, ರೊಟ್ಟಿಬುಟ್ಟಿ, ಸುಣ್ಣದ ಕಡ್ಡಿ ತೆಗೆದುಕೊಂಡು ಚಪ್ಪರಕ್ಕೆ ಹೋದೆ. ಬಿಸಿಲೆಂದರೆ ಏನೆಂದು ಈ ವಯಸ್ಸಿನಲ್ಲಿ ನನಗೆ ಗೊತ್ತಾಯಿತು.

ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಬಂತು. ಸೋಮಿಯ ಕೈಲಿ ಮಾಡಿಸಿದೆ. ಎರಡು ದಿನದಲ್ಲಿ ನಮ್ಮ ದುಪ್ಪಟ್ಟು ಹೆಜ್ಜೆಯ ಲೆಕ್ಕ ಕಲಿತುಬಿಟ್ಟಳು, ನನಗಿಂತ ಚುರುಕು, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಅವಳಿಗೂ ಅದೇ ಬಂತು. ರೊಟ್ಟಿ ಮುರಿಯುತ್ತ ಕೂತಾಗ ನನಗೆ ಹೊಳೆಯಿತು. ತಪ್ಪುವವರು ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತಾರೆ. ಮೂರು ಸಲವೂ ಒಂದೇ ಜಾಗಕ್ಕೆ ಬಂದು ನಿಂತರೆ ಅದು ತಪ್ಪಲ್ಲ, ಏನೋ ಹೇಳುತ್ತಿದೆ. ಆದರೆ ಅದು ಹೇಳುತ್ತಿದ್ದುದನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಸೋಮಿ ಕೇಳಿದಳು, "ನಿಮ್ಮ ಊರಂಕೀನ ನಮ್ಮ ದೋಣಿ ಅಂಕೀಲಿ ಅಳದ್ರೆ ಎಂತಾ ಆತದೆ?" ಹಾಗೆ ಮಾಡಬಾರದು ಮಗಾ, ಅದು ಕತ್ತಿ ಹಚ್ಚಿದ ಹಾಗೆ ಎಂದೆ. "ಅಳದ್ರೆ ಕೊಯ್ದಾಂಗೆ ಆತದಾ?" ಎಂದಳು.

ಅಳೆದೆವು. ಐದು ಕೋಟಿ ಅರವತ್ತು ಲಕ್ಷ ಚಿಲ್ಲರೆಯನ್ನು ಸಾವಿರದ ನಾನೂರ ಎಪ್ಪತ್ತೇಳರಿಂದ ಭಾಗಿಸಿದರೆ ಉಳಿದದ್ದು ಇನ್ನೂರ ಹನ್ನೊಂದು. ಆ ಇನ್ನೂರ ಹನ್ನೊಂದರಿಂದ ದೋಣಿಯ ಅಂಕಿಯನ್ನು ಅಳೆದರೆ ಸರಿಯಾಗಿ ಏಳು ಸಲ, ಏನೂ ಉಳಿಯಲಿಲ್ಲ. ಶೇಷವೇ ಜೀವನವಾದ ನನಗೆ ಏನೂ ಉಳಿಯದ್ದು ಕಂಡು ಮೈ ಜುಮ್ಮೆಂದಿತು. ದೋಣಿಯನ್ನು ಇನ್ನೂರ ಹನ್ನೊಂದು ಅಳೆಯುತ್ತದೆ ಎಂದರೆ ಊರಂಕಿಯನ್ನೂ ಅಳೆಯಲೇಬೇಕು. ಅಳೆಯಿತು. ಭಾಗಿಸಿ ಬಂದದ್ದನ್ನು ಇನ್ನಷ್ಟು ಕೆದಕಿದೆವು. ನಮ್ಮ ಒಡೆಯಲಾರದ ಊರಂಕಿ ಇನ್ನೂರ ಹನ್ನೊಂದು, ನಾನೂರ ಇಪ್ಪತ್ತೊಂದು, ಆರುನೂರ ಮೂವತ್ತೊಂದು ಈ ಮೂರರ ಗುಣಲಬ್ಧ. ನಿಮ್ಮ ಯಂತ್ರವನ್ನು ಕೇಳಿ ನೋಡಿ, ಅದೂ ಇದನ್ನೇ ಹೇಳುತ್ತದೆ.

ಹಾಗಿದ್ದರೆ ಇನ್ನೂರು ವರ್ಷ ಎಲ್ಲರಿಗೂ ಒಂದು ಬಂದದ್ದು ಹೇಗೆ? ಈ ಸಂಖ್ಯೆಯ ಕಿಲಾಡಿತನ ಇರುವುದೇ ಅಲ್ಲಿ. ಮೂರು ಚೂರುಗಳಲ್ಲೂ ಒಂದೊಂದು ಕಳೆಯಿರಿ. ಇನ್ನೂರ ಹತ್ತು, ನಾನೂರ ಇಪ್ಪತ್ತು, ಆರುನೂರ ಮೂವತ್ತು. ಊರಂಕಿಯಲ್ಲೂ ಒಂದು ಕಳೆಯಿರಿ. ಅದು ಈ ಮೂರರಿಂದಲೂ ಸರಿಯಾಗಿ ಭಾಗವಾಗುತ್ತದೆ. ಇಂಥ ಹೊಂದಾಣಿಕೆ ಇರುವ ಸಂಖ್ಯೆ ಯಾವ ಸಾಕ್ಷಿಯ ಬಾಯಲ್ಲೂ ಒಂದು ಎನ್ನಿಸುತ್ತದೆ. ಅದರದೇ ಚೂರನ್ನು ಒಳಗಿಟ್ಟುಕೊಂಡ ಸಾಕ್ಷಿ ಬಂದಾಗ ಮಾತ್ರ ಅದರ ಆಟ ನಡೆಯುವುದಿಲ್ಲ. ನಮ್ಮ ಮನೆಗಳ ಅಂಕಿಗಳು ಇನ್ನೂರನ್ನು ಮುಟ್ಟಿಯೇ ಇಲ್ಲ. ಅತಿ ಚಿಕ್ಕ ಚೂರು ಇನ್ನೂರ ಹನ್ನೊಂದು. ನಾವು ನಮ್ಮನ್ನೇ ಕೇಳಿ, ನಮ್ಮವರೇ ಹೌದೆಂದು, ನಾವೇ ಹೋಳಿಗೆ ತಿಂದಿದ್ದೆವು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ, ಹಾಗೆ.

ಸಭೆಯಲ್ಲಿ ಇದನ್ನು ಕಲ್ಲಿನ ಮೇಲೆ ಬರೆದು ತೋರಿಸಿದಾಗ ಕೆಲವರು ಅತ್ತರು. ಭೀಮಗೊಂಡರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇನ್ನು ಊರು ಒಡೆಯುತ್ತದೆ ಎಂದು ಯಾರೋ ಅಂದರು. ಆಗ ಊರಿನಲ್ಲೇ ಹಿರಿಯಳಾದ ಹುಸೇನಬಿ ತನ್ನ ಮೂಲೆಯಿಂದ ಕೂಗಿದಳು. "ಸಂಖ್ಯಾ ಒಡದೈತಿ ಅಂತ ನಿಮ್ಮ ಮನಿ ಗ್ವಾಡಿ ಬಿದ್ದೈತೇನ? ಇನ್ನೂರ ವರ್ಷ ಕೂಡಿ ಉಂಡೀವಿ, ಅದು ಸುಳ್ಳಾತೇನ? ಮೊದಲ ಆ ಕೂಸಿನ್ನ ಬಿಸಿಲಾಗಿಂದ ಒಳಗ ಕರೀರಿ. ಊರಾಗ ಖರೇ ಹೇಳಿದಾಕಿ ಅಕಿ ಒಬ್ಬಾಕಿ." ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಭೀಮಗೊಂಡರೂ ನಕ್ಕರು. ಸೋಮಿ ತನ್ನ ದೋಣಿಯ ಅಂಕಿಯನ್ನೇ ಇಟ್ಟುಕೊಂಡು ಒಳಗೆ ಬಂದಳು. ಅಂದಿನಿಂದ ಅಂಚಿನ ನಿಯಮವೂ ಇಲ್ಲ, ಆ ಚಪ್ಪರದಲ್ಲಿ ಈಗ ಆಡು ಕಟ್ಟುತ್ತಾರೆ. ಊರಂಕಿಯನ್ನು ಬದಲಿಸಲಿಲ್ಲ. ಒಂದರ ಹಬ್ಬದಲ್ಲಿ ಕಡೆಗೆ ಸೋಮಿ ತನ್ನ ಸಾಕ್ಷಿ ಹೇಳುತ್ತಾಳೆ, ಆ ಎರಡು ಕೋಟಿ ಚಿಲ್ಲರೆ ಬಂದಾಗ ಊರೆಲ್ಲ ಇನ್ನೂ ಜೋರಾಗಿ ಕೂಗುತ್ತದೆ.

ಭೀಮಗೊಂಡರ ಮನೆಯವರು ಮರುದಿನವೇ ಕೌದಿ ತೆಗೆದುಕೊಂಡು ಬಂದರು. ಸೋಮಿ ನನ್ನ ಸೆರಗಿನ ಹಿಂದೆ ನಿಂತು, "ನಾ ಇವಳ ಸಂಗ್ತಿಗೇ ಇರ್ತೆ" ಎಂದಳು. ಕೌದಿಯನ್ನು ನಮಗೇ ಕೊಟ್ಟು ಹೋದರು, ದೊಡ್ಡ ಮನಸ್ಸಿನವರು. ನನ್ನ ಮನೆಯಲ್ಲಿ ಈಗ ಮಧ್ಯಾಹ್ನದ ನಿದ್ದೆ ಇಲ್ಲ. ಯಾವಾಗ ನೋಡಿದರೂ ಪ್ರಶ್ನೆ. ಸುಣ್ಣದ ಕಡ್ಡಿ ಒಂದೂ ಇಟ್ಟಲ್ಲಿ ಸಿಗುವುದಿಲ್ಲ. ನನಗೆ ಇದಕ್ಕಿಂತ ಸುಖವಾದ ದಿನಗಳು ಬಂದಿರಲಿಲ್ಲ.

ಈಗ ಉಪಕಾರದ ಮಾತು. ಪ್ರತಿ ಊರಿಗೂ ಒಂದು ಹಿಂದೋಲೆ ಕಳಿಸುವ ಹಕ್ಕಿದೆ, ಅಂದರೆ ಹಿಂದಿನ ಕಾಲದವರಿಗೆ ಒಂದೇ ಒಂದು ಓಲೆ. ಅದು ಹೇಗೆ ಹೋಗುತ್ತದೆಂದು ಕೇಳಬೇಡಿ, ಕಳಿಸುವವರಿಗೂ ಪೂರ್ತಿ ಗೊತ್ತಿದ್ದಂತೆ ಕಾಣುವುದಿಲ್ಲ. ನೆಳ್ಳೂರಿನ ಓಲೆಯಲ್ಲಿ ಊರಂಕಿಯ ಐಬನ್ನು ತಿಳಿಸಿ, ನಿಜವಾಗಿ ಒಡೆಯಲಾರದ ಬೇರೆ ಸಂಖ್ಯೆಯೊಂದನ್ನು ನಿಮಗೆ ಕೊಡಬೇಕೆಂದು ಸಭೆ ನನಗೆ ಒಪ್ಪಿಸಿದೆ. ಅಂಥ ಒಂದು ಸಂಖ್ಯೆಯನ್ನು ನಾನೂ ಸೋಮಿಯೂ ಕೂತು ಹುಡುಕಿದ್ದೇವೆ. ಈ ಸಲ ಸಾಕ್ಷಿ ಕೇಳಲಿಲ್ಲ, ಕತ್ತಿ ಹಚ್ಚಿಯೇ ನೋಡಿದೆವು. ಅದು ಒಡೆಯುವುದಿಲ್ಲ.

ಆದರೆ ನೀವು ಅದನ್ನು ಆರಿಸಿಕೊಂಡರೆ ಏನಾಗುತ್ತದೆಂದು ಯೋಚಿಸಿದ್ದೇನೆ. ಎರಡು ವರ್ಷದ ಹಿಂದಿನ ಆ ದಿನ ಸೋಮಿಯ ದೋಣಿಗೂ ಒಂದು ಬರುತ್ತದೆ. ಜನ ಕೂಗುತ್ತಾರೆ. ಭೀಮಗೊಂಡರ ಹೆಂಡತಿ ಅವಳಿಗೆ ಕೌದಿ ಹೊದಿಸಿ ಕರೆದುಕೊಂಡು ಹೋಗುತ್ತಾಳೆ. ಅದು ಒಳ್ಳೆಯ ಮನೆ, ಹುಡುಗಿ ಸುಖವಾಗಿರುತ್ತಾಳೆ, ಬಿಸಿಲಿನಲ್ಲಿ ಒಂದು ದಿನವೂ ಕೂರಬೇಕಾಗಿಲ್ಲ. ನಾನು ಶೇಷ ಸರಿಯಿದೆ ಎಂದು ಹೇಳಿ ಮನೆಗೆ ಹೋಗಿ ಮಲಗುತ್ತೇನೆ. ಮುಂದೆ ಓಣಿಯಲ್ಲಿ ಎದುರಾದಾಗ ಉಪ್ಪಿನವರ ಹುಡುಗಿ ಎಷ್ಟು ಬೆಳೆದಳು ಎಂದುಕೊಂಡು ಮುಂದೆ ನಡೆಯುತ್ತೇನೆ. ಏನು ಕಳೆದುಕೊಂಡೆನೆಂದು ನನಗೆ ಗೊತ್ತೂ ಆಗುವುದಿಲ್ಲ.

ಅವಳ ಪಾಲಿನ ಸುಖವನ್ನು ನಾನೊಬ್ಬಳೇ ತೀರ್ಮಾನಿಸುವುದು ಸರಿಯಲ್ಲವೆಂದು ಅವಳನ್ನೇ ಕೇಳಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ, ಕೌದಿಯ ಸಂಗತಿಯನ್ನೂ. ಅವಳು, "ಆ ಹೊಸ ಅಂಕಿ ಬರೀಬೇಡ" ಎಂದಳು.

ಆದ್ದರಿಂದ ಪೂಜ್ಯರೇ, ಊರಿಗೆ ಸಂಖ್ಯೆ ಆರಿಸಲು ನೀವು ಮರದ ಕೆಳಗೆ ಕೂತ ದಿನ, ೫,೬೦,೫೨,೩೬೧ ಎಂದೇ ಬರೆಯಿರಿ. ಅದು ಒಡೆಯುತ್ತದೆ ಎಂದು ಈಗ ನಿಮಗೆ ಗೊತ್ತು. ಗೊತ್ತಿದ್ದೂ ಬರೆಯಿರಿ, ಯಾರಿಗೂ ಹೇಳಬೇಡಿ. ಸಭೆ ಕೇಳಿದರೆ ಓಲೆ ಕಳಿಸಿದೆ ಎನ್ನುತ್ತೇನೆ, ಅದು ನಿಜವೇ. ಸರಿಯಾದ ಸಂಖ್ಯೆಯನ್ನು ಇಲ್ಲಿ, ಈ ಸಾಲಿನ ಕೆಳಗೆ, ಬರೆಯಬೇಕಾಗಿತ್ತು.

ಇತಿ,
ನಿಂಬೆವ್ವ, ಸೋಮಿಯ ತಾಯಿ